ಲ್ಯಾಪ್‌ಟಾಪಿನಲ್ಲಿ ಬಾಡಿಗೆಗಿದ್ದ ಹಾಡು

ಹಾಡಲು ಬಾರದವರನ್ನು ಲೋಕ ಸುಮ್ಮನೆ ಬಿಡುವುದಿಲ್ಲ. ಹಾಡುವವರನ್ನು ವೇದಿಕೆಯ ಮೇಲೆ ಕೂರಿಸಿ, ಉಳಿದವರಿಗೆ ಸಂಗೀತದ ಸುತ್ತಮುತ್ತಲಿನ ಕೆಲಸವನ್ನೆಲ್ಲ ಹಂಚಿಬಿಡುತ್ತದೆ. ಜಮಖಾನ ಹಾಸುವುದು, ಹಾರ್ಮೋನಿಯಂ ಪೆಟ್ಟಿಗೆಯ ಒಂದು ತುದಿ ಹಿಡಿಯುವುದು, ಮೈಕಿನವನಿಗೆ ಕಾಫಿ ಕೊಡುವುದು, ಎಲ್ಲ ಮುಗಿದ ಮೇಲೆ ಖಾಲಿ ಕುರ್ಚಿಗಳಿಗೆ ವೋಟ್ ಆಫ್ ಥ್ಯಾಂಕ್ಸ್ ಹೇಳುವುದು. ಇವೆಲ್ಲ ನನ್ನ ಪಾಲಿಗೆ ಬಂದಷ್ಟು ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನಾರ ಪಾಲಿಗೂ ಬಂದಿರಲಾರದು. ಆದ್ದರಿಂದ ಈ ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಒಂದು ಗುಂಪು ಮುದುಕಿಯರ ದನಿಗಳನ್ನು ಕಂಪ್ಯೂಟರಿನಲ್ಲಿ ಹೊಲಿದು ಒಂದೇ ಹಾಡು ಮಾಡುವ ಕೆಲಸ ನನಗೇ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ ನಾನು ಅದಕ್ಕೆ ಕುಣಿದುಕೊಂಡು ಒಪ್ಪಿದ್ದು.

ಅದಕ್ಕೊಂದು ಹಿನ್ನೆಲೆ ಇದೆ. ನಾನು ಓದಿದ್ದು ಭದ್ರಾವತಿಯ ಒಂದು ಕಾನ್ವೆಂಟಿನಲ್ಲಿ. ಆಗಿನ ಭದ್ರಾವತಿ ಎಂದರೆ ಕಬ್ಬಿಣದ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು, ಸೈರನ್ನಿಗೆ ಮಲಗುವ ಊರು. ನಮ್ಮ ಮ್ಯೂಸಿಕ್ ಟೀಚರ್ ಸಿಸ್ಟರ್ ಬೆನಿಟಾ, ಮಂಗಳೂರು ಕಡೆಯಿಂದ ಬಂದ ಎಳೆಯ ಸನ್ಯಾಸಿನಿ. ಆಕೆಯ ಕಾನೂನು ಎರಡೇ. ಸ್ಕೂಲ್ ಸಾಂಗ್ ಹಾಡುವಾಗ ಕೈಗಳೆರಡೂ ಬೆನ್ನ ಹಿಂದೆ ಇರಬೇಕು. ಯಾರಾದರೂ ಶ್ರುತಿ ಬಿಟ್ಟರೆ ಸಿಸ್ಟರ್ ಕೈಯ ಪೆನ್ಸಿಲ್ ಮೇಲೇಳುತ್ತದೆ, ಆಗ ಎಲ್ಲರೂ ಗಪ್‌ಚಿಪ್ ಆಗಬೇಕು. ನಾನು ಮೂರನೇ ಸಾಲು ಮುಟ್ಟುವಷ್ಟರಲ್ಲಿ ಪೆನ್ಸಿಲ್ ಎದ್ದೇ ಏಳುತ್ತಿತ್ತು. ಆ್ಯನ್ಯುಯಲ್ ಡೇ ಹತ್ತಿರ ಬಂತು. ನನ್ನ ಎತ್ತರ, ಎರಡು ಉದ್ದ ಜಡೆ, ಇಸ್ತ್ರಿಯ ಗೆರೆ ಕದಡದ ನನ್ನ ಪಿನಫೋರ್, ಇವನ್ನೆಲ್ಲ ಮುಂದಿನ ಸಾಲಿನಿಂದ ತೆಗೆಯಲು ಸಿಸ್ಟರ್‌ಗೆ ಮನಸ್ಸಾಗಲಿಲ್ಲ. ದನಿಯನ್ನು ತೆಗೆದರು. "ಸುಮಿತ್ರಾ, ಯೂ ಜಸ್ಟ್ ಮೂವ್ ಯುವರ್ ಲಿಪ್ಸ್, ಚೈಲ್ಡ್. ಬಾಯಿ ಚೆನ್ನಾಗಿ ತೆರೆ, ಶಬ್ದ ಮಾತ್ರ ಬೇಡ" ಅಂದರು. ಸಿಟ್ಟಿನಿಂದ ಅಂದಿದ್ದರೆ ಹಟಕ್ಕಾದರೂ ಹಾಡುತ್ತಿದ್ದೆನೇನೋ. ತಲೆ ಸವರಿ ಅಂದರು. ಆಮೇಲೆ ಶಾಲೆ ಬಿಡುವವರೆಗೂ ಎಲ್ಲ ಆ್ಯನ್ಯುಯಲ್ ಡೇಗಳಲ್ಲೂ ನಾನು ಮುಂದಿನ ಸಾಲಿನಲ್ಲಿ, ಗಾಜಿನ ತೊಟ್ಟಿಯ ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಾ ನಿಂತೆ. ಕೆಳಗೆ ಕೂತ ನಮ್ಮಪ್ಪನಿಗೆ ಮಗಳ ದನಿಯೇ ಎಲ್ಲರಿಗಿಂತ ಚೆನ್ನಾಗಿ ಕೇಳಿಸುತ್ತಿತ್ತಂತೆ.

ಸಿಸ್ಟರ್ ಸ್ವಲ್ಪ ಅವಸರಪಟ್ಟರು ಎಂಬುದು ನನ್ನ ಗುಟ್ಟಾದ ಅಭಿಪ್ರಾಯ. ಇದಕ್ಕೆ ನಮ್ಮ ಮನೆಯವರ ಬೆಂಬಲವೂ ಉಂಟು. ಇವರು ಕಾರ್ಖಾನೆಯ ರೋಲಿಂಗ್ ಮಿಲ್ಲಿನಲ್ಲಿ ಜೀವಮಾನ ಕಳೆದು, ರಿಟೈರ್ ಆಗಿ ಶಿವಮೊಗ್ಗದ ದುರ್ಗಿಗುಡಿಯ ಈ ಮನೆಗೆ ಬರುವಾಗ ಕಿವಿಯ ಮುಕ್ಕಾಲು ಪಾಲನ್ನು ಅಲ್ಲೇ ಬಿಟ್ಟು ಬಂದವರು. ಕಿವಿಗೆ ಮೆಷಿನ್ ಇದೆ. ಅದು ಸಾಮಾನ್ಯವಾಗಿ ಟಿವಿ ಪಕ್ಕದ ಡಬ್ಬಿಯಲ್ಲಿರುತ್ತದೆ. ಆದರೂ ಎದುರು ನಿಂತು ಹೇಳಿದ್ದೆಲ್ಲ ಇವರಿಗೆ ತಿಳಿಯುತ್ತದೆ. ಬೆನ್ನು ತಿರುಗಿಸಿ ಗೊಣಗಿದ್ದು ತಿಳಿಯುವುದಿಲ್ಲ. ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಅರೇಂಜ್‌ಮೆಂಟ್ ನಾನು ಕಂಡಿಲ್ಲ. ಮದುವೆಮನೆಗಳಲ್ಲಿ ಹೆಂಗಸರೆಲ್ಲ ಸೇರಿ ಆರತಿ ಹಾಡು ಹೇಳಿ ಮುಗಿಸಿದಾಗಲೆಲ್ಲ ಇವರು ಬಂದು, "ಎಲ್ಲರಿಗಿಂತ ನೀನು ಹೇಳಿದ್ದೇ ಸ್ಪಷ್ಟ ಮಾರಾಯ್ತಿ, ಒಂದೊಂದು ಪದಾನೂ ಕೇಳಿಸ್ತು" ಅನ್ನುತ್ತಿದ್ದರು. ಹೀಗೆ ಒಬ್ಬ ಅಭಿಮಾನಿಯನ್ನಿಟ್ಟುಕೊಂಡು ನಾನು ಇಷ್ಟು ವರ್ಷ ತೆಗೆದೆ.

ಈ ವರ್ಷ ನಮ್ಮ ಕಾನ್ವೆಂಟಿನ ಓಲ್ಡ್ ಗರ್ಲ್ಸ್ ಎಲ್ಲ ಸೇರುವುದು ಎಂದಾಯಿತು. ಸಿಸ್ಟರ್ ಬೆನಿಟಾ ಇನ್ನೂ ಇದ್ದಾರೆ, ಬರುತ್ತಾರೆ ಎಂದು ಫಿಲೋಮಿನಾ ಗ್ರೂಪಿನಲ್ಲಿ ಸುದ್ದಿ ಹಾಕಿದಳು. ಫಿಲೋ ನನ್ನ ಬೆಂಚ್‌ಮೇಟ್, ಇವತ್ತಿಗೂ ಭದ್ರಾವತಿಯ ನ್ಯೂಟೌನಿನಲ್ಲೇ ಇರುವವಳು. ಎಲ್ಲರೂ ಮಂಡಿನೋವಿನವರು, ರಿಹರ್ಸಲ್ಲಿಗೆ ಸೇರುವುದು ಆಗದ ಮಾತು. ಆದ್ದರಿಂದ ಒಬ್ಬೊಬ್ಬರೂ ಮನೆಯಲ್ಲೇ ಸ್ಕೂಲ್ ಸಾಂಗ್ ಹಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸುವುದು, ಯಾರಾದರೂ ಅದನ್ನೆಲ್ಲ ಜೋಡಿಸಿ ಸಿಸ್ಟರ್ ಎದುರು ಹಾಕುವುದು ಎಂದು ತೀರ್ಮಾನವಾಯಿತು. ನಾನು ಮೇಷ್ಟರ ಕೆಲಸದಲ್ಲಿದ್ದಾಗ ಮಕ್ಕಳಿಗೆ ಇಂಗ್ಲಿಷ್ ಪ್ರೊನನ್ಸಿಯೇಷನ್ ಪಾಠಗಳನ್ನು ರೆಕಾರ್ಡ್ ಮಾಡಿ, ಕೆಮ್ಮು ಸೀನುಗಳನ್ನು ಕತ್ತರಿಸಿ ತೆಗೆಯುವ ವಿದ್ಯೆ ಕಲಿತಿದ್ದೆ. "ಐ ವಿಲ್ ಡೂ ಇಟ್" ಎಂದು ಬರೆದುಬಿಟ್ಟೆ. ಬರೆಯುವಾಗ ಮನಸ್ಸಿನಲ್ಲಿದ್ದದ್ದು ಒಂದೇ. ಕತ್ತರಿ ಹಿಡಿದವಳು ನಾನಾದರೆ ನನ್ನ ದನಿಯನ್ನು ತೆಗೆಯುವವರು ಯಾರು? ಸಿಸ್ಟರ್ ಒಂದು ಸಲ, ಒಂದೇ ಸಲ, ನನ್ನನ್ನೂ ಸೇರಿಸಿ ಕೇಳಬೇಕು.

ನನಗೆ ಗೊತ್ತಿದ್ದದ್ದು ಒಂದೇ ಆಡಿಯೋ ಪ್ರೋಗ್ರಾಮ್, ಅದೂ ಹಳೆಯದು. ಹೊಸ ಲ್ಯಾಪ್‌ಟಾಪ್ ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನನ್ನ ತಂಗಿಯ ಮಗಳು ರೂಪಾಳಿಗೆ ಫೋನ್ ಮಾಡಿದೆ. ಅವಳು ಕಾಲೇಜಿನಲ್ಲಿ ಕಂಪ್ಯೂಟರ್ ಹೇಳಿಕೊಡುವವಳು, ವಿನೋಬನಗರದಿಂದ ಸ್ಕೂಟರಿನಲ್ಲಿ ಬಂದಳು.

"ಹೊಸದು ಕಲ್ತ್ಕೊಳ್ಳಿ ದೊಡ್ಡಮ್ಮ, ಫ್ರೀ ಸಿಗತ್ತೆ."

"ನನ್ನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ ಕಣೇ. ನೀನು ಹೊಸ ಅಡುಗೆಮನೆಗೆ ಕಳಿಸಿದ್ರೆ ಒಗ್ಗರಣೆ ಸೀದುಹೋಗತ್ತೆ."

ರೂಪಾ ನಿಟ್ಟುಸಿರು ಬಿಟ್ಟು, ಹಾಗಾದರೆ ವರ್ಚುವಲ್ ಮೆಷಿನ್ ಹಾಕೋಣ ಅಂದಳು. ಹಾಗಂದರೆ ಈ ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್. ನಿಜವಾಗಿ ಇರುವುದಿಲ್ಲ, ಇದೆ ಎಂದು ನಂಬಿಸುವುದು. ಯಾರನ್ನು ನಂಬಿಸುವುದು ಎಂದು ಕೇಳಿದೆ. "ನಿಮ್ಮ ಹಳೇ ಪ್ರೋಗ್ರಾಮನ್ನ. ಅದು ಹಳೇ ಕಾಲದಲ್ಲೇ ಇದೀನಿ ಅಂದ್ಕೊಂಡು ಕೆಲಸ ಮಾಡತ್ತೆ." ಅವಳು ಏನೇನೋ ಒತ್ತಿದಳು. ಸ್ಕ್ರೀನಿನ ಮಧ್ಯೆ ಒಂದು ಕಿಟಕಿ ತೆರೆದು, ಅದರೊಳಗೆ ಹಸಿರು ಗುಡ್ಡ, ನೀಲಿ ಆಕಾಶ, ನನ್ನ ಹಳೆಯ ಕಂಪ್ಯೂಟರಿನ ಮುಖವೇ ಮೂಡಿತು. ಹೊರಗೆ ಕಾಲ ಬದಲಾಗಿದೆ ಎಂದು ಆ ಪಾಪದ್ದಕ್ಕೆ ಯಾರೂ ಹೇಳಿಲ್ಲ. ನನಗೂ ಯಾರಾದರೂ ಹೀಗೊಂದು ಕಿಟಕಿ ಮಾಡಿ ಒಳಗೆ ಕೂರಿಸಿ, ಹೊರಗೆ ಸೈರನ್ ಊದಿಸಿಬಿಟ್ಟರೆ ನಾನಂತೂ ಜಡೆ ಹೆಣೆದುಕೊಂಡು ಕೂತೇನು.

ಆದರೆ ಬಾಡಿಗೆಗೆ ಬಂದವರ ಗುಣ ಬಂದ ಮೇಲೆ ತಾನೇ ಗೊತ್ತಾಗುವುದು. ಈ ಒಳಮನೆಯ ಬಾಡಿಗೆದಾರ ಬಂದ ದಿನವೇ ಮನೆಯೊಡತಿಯ ಅರ್ಧ ಅಡುಗೆಮನೆ ಕೇಳಿದ. ಮೌಸಿನ ಬಾಣ ಅವನ ಮನೆಯೊಳಗೆ ಹೋದರೆ ಮತ್ತೆ ಹೊರಗೆ ಬರಲೊಲ್ಲದು, ಹಬ್ಬಕ್ಕೆಂದು ಬಂದು ಬೇಸಿಗೆ ಕಳೆಯುವ ನೆಂಟರ ಹಾಗೆ. ಅದನ್ನು ಎಳೆದು ತರಲು ಕೀಬೋರ್ಡಿನ ಮೂಲೆಯಲ್ಲಿ ಒಂದು ಕೀ ಒತ್ತಬೇಕು. ಆ ಮೂಲೆ ಬಲಗಡೆಯದೋ ಎಡಗಡೆಯದೋ ನನಗೆ ಪ್ರತಿ ಸಲವೂ ಮರೆಯುತ್ತಿತ್ತು. ಎಲ್ಲಕ್ಕಿಂತ ಮೇಲಾಗಿ, ಒಂದು ಹಾಡು ಹಾಕಿದರೆ ಬಿಕ್ಕಳಿಕೆ ಹತ್ತಿದವರ ಹಾಗೆ ತುಂಡುತುಂಡಾಗಿ ಬರುತ್ತಿತ್ತು. "ರ‍್ಯಾಮ್ ಸಾಲ್ತಾ ಇಲ್ಲ ದೊಡ್ಡಮ್ಮ. ಮೆಮೊರಿ ಹೆಚ್ಚು ಮಾಡಿಸ್ಬೇಕು" ಎಂದಳು ರೂಪಾ. ನನ್ನ ವಯಸ್ಸಿನವಳು ಅಂಗಡಿಗೆ ಹೋಗಿ ಮೆಮೊರಿ ಹೆಚ್ಚು ಮಾಡಿ ಎಂದರೆ ಏನು ಜೋಕು ಹುಟ್ಟುತ್ತದೆಂದು ನೀವು ಊಹಿಸಿದಿರಷ್ಟೆ? ಅದನ್ನು ಅಂಗಡಿಯವರು ಮಾಡಿದರು, ಪಕ್ಕದ ಮನೆಯವರು ಮಾಡಿದರು, ನಮ್ಮ ಡಾಕ್ಟರೂ ಮಾಡಿದರು. ಆದ್ದರಿಂದ ಇಲ್ಲಿ ಅದನ್ನು ನಾನು ಬರೆಯುವುದಿಲ್ಲ.

ಅಂಗಡಿಯಲ್ಲಿ ಹಾಕಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮಿಕ್ಸಿ, ಗ್ರೈಂಡರ್, ನೀರಿನ ಮೋಟರ್ ಯಾವುದನ್ನೂ ಹೊರಗಿನವರಿಗೆ ಮುಟ್ಟಲು ಕೊಡದ ನಮ್ಮ ಮನೆಯವರು ಇದ್ದಾರಲ್ಲ! "ಇಷ್ಟು ಸಣ್ಣ ಚೂರಿಗೆ ಅಂಗಡಿ ಯಾಕೆ?" ಎಂದು ಮೆಮೊರಿಯ ಆ ಹಸಿರು ಪಟ್ಟಿಯನ್ನು ಮನೆಗೇ ತಂದರು. ಊಟದ ಮೇಜಿನ ಮೇಲೆ ಪೇಪರ್ ಹಾಸಿ ಲ್ಯಾಪ್‌ಟಾಪನ್ನು ಮಗುಚಿ ಮಲಗಿಸಿದರು. ಕನ್ನಡಕದ ಸ್ಕ್ರೂಡ್ರೈವರ್ ಬಂತು. ಬಿಚ್ಚಿದ ಸ್ಕ್ರೂಗಳೆಲ್ಲ ನನ್ನ ಕುಂಕುಮದ ಭರಣಿಯ ಮುಚ್ಚಳದಲ್ಲಿ ಕೂತವು. ಮೈಯಲ್ಲಿ ಸ್ಟ್ಯಾಟಿಕ್ ಕರೆಂಟ್ ಇರುತ್ತೆ, ಮೊದಲು ಕಬ್ಬಿಣ ಮುಟ್ಟಿ ಎಂದು ರೂಪಾ ಹೇಳಿದ್ದೇ ತಪ್ಪಾಯಿತು. ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದೇ ಕೆಲಸ ಮಾಡುತ್ತೇನೆಂದು ಹಟ ಹಿಡಿದರು. ಮೇಜನ್ನು ಕಿಟಕಿಯ ಹತ್ತಿರ ಎಳೆದದ್ದಾಯಿತು.

"ದೊಡ್ಡಪ್ಪ, ಮೆತ್ತಗೆ! ಓರೆಯಾಗಿ ಇಟ್ಟು ಒತ್ತಿ."

"ಮಿಲ್ಲಲ್ಲಿ ಆನೆಯಂಥಾ ಬೇರಿಂಗ್ ಕೂರಿಸಿದ ಕೈ ಇದು. ನೀನು ಸುಮ್ನಿರು."

"ಅದಕ್ಕೇ ಹೇಳಿದ್ದು ಮೆತ್ತಗೆ ಅಂತ!"

ಟಕ್ ಎಂದಿತು. ಕೂತಿತೋ ಮುರಿಯಿತೋ ಎಂದು ಮೂವರೂ ಉಸಿರು ಹಿಡಿದೆವು. ಮುಚ್ಚಿ, ತಿರುಗಿಸಿ, ಬಟನ್ ಒತ್ತಿದರೆ ದೀಪ ಬಂತು, ಗುಡ್ಡ ಬಂತು, ಬಿಕ್ಕಳಿಕೆ ನಿಂತಿತ್ತು. ನಾಲ್ಕು ಜಿಬಿ ಇದ್ದದ್ದು ಹದಿನಾರಾಗಿದೆ ಎಂದು ರೂಪಾ ತೋರಿಸಿದಳು. ಮುಚ್ಚಳದಲ್ಲಿ ಒಂದು ಸ್ಕ್ರೂ ಉಳಿದಿತ್ತು. ಅದರ ಬಗ್ಗೆ ಇವತ್ತಿಗೂ ಯಾರೂ ಮಾತೆತ್ತಿಲ್ಲ.

ಇನ್ನು ದನಿಗಳು ಬರತೊಡಗಿದವು. ಎಲ್ಲದರ ಆರಂಭದಲ್ಲೂ "ಹಲೋ, ಹಲೋ, ಕೇಳ್ತಾ ಇದ್ಯಾ?", ಕೊನೆಯಲ್ಲಿ "ಇದನ್ನ ಆಫ್ ಮಾಡೋದು ಹೆಂಗೆ?" ಇದ್ದವು. ಅದನ್ನು ಕತ್ತರಿಸಬಹುದು. ವಿಚಿತ್ರವೆಂದರೆ ಹಲೋ ಎನ್ನುವಾಗ ಕಿವಿಗೆ ಬಡಿಯುವಂತಿದ್ದ ದನಿ, ಹಾಡು ಶುರುವಾದ ಕೂಡಲೇ ಆಚೆ ಬೀದಿಯಿಂದ ಬಂದಂತೆ ಸಣ್ಣದಾಗುತ್ತಿತ್ತು. ಫ್ಯಾನಿನ ಸದ್ದು ಮುಂದೆ, ಹಾಡು ಹಿಂದೆ. ಒಬ್ಬಿಬ್ಬರದಲ್ಲ, ಎಲ್ಲರದೂ ಹೀಗೇ. ಫಿಲೋಗೆ ಫೋನ್ ಮಾಡಿದೆ.

"ಫಿಲೋ, ಫೋನ್ ಬಾಯಿ ಹತ್ರ ಹಿಡ್ಕೊಂಡು ಹಾಡೇ."

"ಹಿಡ್ಕೊಳ್ಳೋದು ಹೆಂಗೇ ಸುಮಿ? ಸ್ಕೂಲ್ ಸಾಂಗು! ಕೈ ಹಿಂದೆ ಕಟ್ಬೇಕಲ್ಲ. ಟೇಬಲ್ ಮೇಲಿಟ್ಟು, ಆಚೆ ನಿಂತು ಹಾಡ್ದೆ."

"ಸಿಸ್ಟರ್ ನೋಡ್ತಾ ಇಲ್ವಲ್ಲೇ ನಿನ್ನ!"

"ಕೇಳ್ತಾರಲ್ಲ. ಕೈ ಹಿಂದೆ ಇಲ್ದಿದ್ರೆ ಅವ್ರಿಗೆ ಕೇಳಿದ್ರೇ ಗೊತ್ತಾಗತ್ತೆ."

ಇದಕ್ಕೆ ನಾನು ಎದುರಾಡಲಿಲ್ಲ, ಏಕೆಂದರೆ ನನಗೂ ಹಾಗೆಯೇ ಅನ್ನಿಸಿತು. ಬ್ಯಾಂಕ್ ಮ್ಯಾನೇಜರಾಗಿದ್ದವರು, ಮೊಮ್ಮಕ್ಕಳ ಮದುವೆ ಮಾಡಿದವರು, ಎಲ್ಲರೂ ಅವರವರ ಮನೆಯ ಹಾಲ್‌ನಲ್ಲಿ ಕೈ ಹಿಂದೆ ಕಟ್ಟಿ, ಮೇಜಿನ ಮೇಲಿನ ಫೋನಿಗೆ ಹೆದರಿ ದೂರ ನಿಂತು ಹಾಡಿದ್ದರು. ಕೊನೆಗೆ ಸೊಸೆಯರು, ಗಂಡಂದಿರು, ಒಂದು ಮನೆಯಲ್ಲಿ ಗ್ಯಾಸ್ ತಂದವನು, ಫೋನನ್ನು ಇವರ ಬಾಯಿಯ ಮುಂದೆ ಹಿಡಿದು ನಿಂತರಂತೆ. ಎರಡನೇ ಸಲದ ದನಿಗಳು ಚೆನ್ನಾಗಿ ಬಂದವು. ನಾನು ಬೆಳಗಿನ ತಿಂಡಿ ಮುಗಿಸಿ ಆ ಗುಡ್ಡದ ಕಿಟಕಿಯೊಳಗೆ ಹೋದರೆ ಮಧ್ಯಾಹ್ನದ ಅಡುಗೆಗೆ ಹೊರಗೆ ಬರುತ್ತಿದ್ದೆ. ಓಡುವವರನ್ನು ಹಿಂದಕ್ಕೆಳೆದು, ಕುಂಟುವವರನ್ನು ಮುಂದಕ್ಕೆ ತಳ್ಳಿ, ಅಸ್ತಮಾದವರ ಉಸಿರು ಕತ್ತರಿಸಿ, ಒಂದರ ಕೆಳಗೊಂದು ಜೋಡಿಸಿದೆ. ಎಲ್ಲರನ್ನೂ ಒಟ್ಟಿಗೆ ಹಾಕಿ ಕೇಳಿದಾಗ ಪಿನಫೋರಿನ ಗಂಜಿಯ ವಾಸನೆ ಮೂಗಿಗೆ ಬಂದಂತಾಯಿತು. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೆ. ಅದು ನನ್ನದು.

ಹೆಡ್‌ಫೋನಿನಲ್ಲಿ ಉಳಿದವರ ಹಾಡು ಕೇಳುತ್ತಾ, ಕೆಂಪು ಗುಂಡಿ ಒತ್ತಿ, ನಿಂತು, ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ಹಾಡಿದೆ. ಮನಸ್ಸು ತುಂಬಿ ಹಾಡಿದೆ. ಕಣ್ಣು ಬಿಟ್ಟು ನೋಡಿದರೆ ಉಳಿದವರ ಸಾಲುಗಳಲ್ಲಿ ದನಿ ಎಬ್ಬಿಸಿದ ಗುಡ್ಡ ಬೆಟ್ಟ, ನನ್ನ ಸಾಲಿನಲ್ಲಿ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಮತ್ತೆ ಹಾಡಿದೆ. ಮತ್ತೆ ಗೆರೆ. ಹಲೋ ಎಂದು ನೋಡಿದೆ, ಹಲೋ ಮಾತ್ರ ಗೋಪುರದ ಹಾಗೆ ಎದ್ದು ನಿಂತಿತು. ಅಂದರೆ ಈ ಮೆಷಿನ್ ನನ್ನ ಮಾತು ಕೇಳುತ್ತದೆ, ಹಾಡು ಕೇಳುವುದಿಲ್ಲ. ಇದಕ್ಕೂ ಸಿಸ್ಟರ್ ಮೊದಲೇ ಹೇಳಿಟ್ಟಿದ್ದಾರೆಯೇ? ಸಿಟ್ಟೆಲ್ಲ ನಮ್ಮ ಮನೆಯವರ ಮೇಲೆ ತಿರುಗಿತು. "ನೀವು ಒತ್ತಿದ ರಭಸಕ್ಕೆ ಏನೋ ಹೋಗಿದೆ. ಆ ಒಂದು ಸ್ಕ್ರೂ ಎಲ್ಲಿಯದು ಹೇಳಿ" ಎಂದೆ. ಇವರು ಊಟಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೇ ಎದ್ದರು. ನಮ್ಮ ಮನೆಯಲ್ಲಿ ಅದು ಯುದ್ಧಘೋಷಣೆ. ಫಂಕ್ಷನ್ನು ಹತ್ತಿರ ಬಂದಿತ್ತು. ಖಾಲಿ ಸಾಲು ನೋಡಿದರೆ ಅಳು ಬರುವಂತಾಗಿ ಮತ್ತೆ ರೂಪಾಳನ್ನೇ ಕರೆದೆ.

ಅವಳು ಬಂದು ಒಳಗಿನ ಕಂಪ್ಯೂಟರಿಗೆ ಮೈಕ್ ಕೊಟ್ಟಿದೆಯೋ ಎಂದು ನೋಡಿದಳು, ಹೊರಗಿನದಕ್ಕೆ ನೋಡಿದಳು, ಎಲ್ಲ ಸರಿ ಇದೆ ಎಂದಳು. "ಒಂದ್ಸಲ ನನ್ನೆದುರಿಗೆ ಹಾಡಿ ದೊಡ್ಡಮ್ಮ." ನಮ್ಮ ಮನೆಯವರು ಮುನಿಸಿನಲ್ಲೇ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಕಿವಿಯ ಮೆಷಿನ್ ಡಬ್ಬಿಯಲ್ಲಿತ್ತು. ನಾನು ನಿಂತು, ಕೈ ಕಟ್ಟಿ, ಕಣ್ಣು ಮುಚ್ಚಿ, ಎರಡು ಚರಣವನ್ನೂ ಹಾಡಿ ಮುಗಿಸಿ ಕಣ್ಣು ಬಿಟ್ಟೆ.

"ಶುರು ಮಾಡಿ ದೊಡ್ಡಮ್ಮ" ಅಂದಳು ರೂಪಾ.

"ಮುಗೀತಲ್ಲೇ!"

"ಏನು ಮುಗೀತು? ನೀವು ಬರೀ ಬಾಯಿ ಆಡಿಸ್ತಾ ನಿಂತಿದ್ರಿ."

"ಯಾರು ಹೇಳಿದ್ದು?" ಎಂದು ಕುರ್ಚಿಯಿಂದ ಇವರು ಗುಡುಗಿದರು. "ಚೆನ್ನಾಗಿ ಹಾಡಿದ್ಲು. ಪ್ರತಿ ಪದಾನೂ ಕೇಳಿಸ್ತು ನಂಗೆ. ಎರಡನೇ ಚರಣದಲ್ಲಿ ಮಾತ್ರ ಒಂದು ಪದ ನುಂಗಿದ್ಲು."

ರೂಪಾ ಒಮ್ಮೆ ನನ್ನನ್ನು ಒಮ್ಮೆ ಇವರನ್ನು ನೋಡಿದಳು. ಇಬ್ಬರನ್ನೂ ಒಟ್ಟಿಗೆ ಯಾವ ಡಾಕ್ಟರಿಗೆ ತೋರಿಸುವುದೆಂದು ಯೋಚಿಸುವಂತಿತ್ತು ಅವಳ ಮುಖ. "ದೊಡ್ಡಪ್ಪ, ನಿಮ್ಮ ಕಿವೀಲಿ ಮೆಷಿನ್ನೇ ಇಲ್ಲ!" ಎಂದಳು. ಇವರು ಕಿವಿ ಮುಟ್ಟಿ ನೋಡಿಕೊಂಡರು. ಆಮೇಲೆ ನಿಧಾನವಾಗಿ ವಿಷಯ ಹೊರಬಿತ್ತು. ಆ ಮಿಲ್ಲಿನ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಂತೆ. ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ನೋಡಿದ್ದು ಯಾವುದು ಕೇಳಿದ್ದು ಯಾವುದು ಎಂದು ಇವರಿಗೇ ಬೇರೆ ಮಾಡಲು ಬರುವುದಿಲ್ಲ. ನನಗೋ, ಒಳಗೊಳಗೇ ಹಾಡಿ ಹಾಡಿ ತಲೆಯೊಳಗೆ ಎಷ್ಟು ಗಟ್ಟಿಯಾಗಿ ಕೇಳುತ್ತದೆಂದರೆ ಅದು ಹೊರಗೆ ಬರುತ್ತಿಲ್ಲವೆಂಬುದೇ ಗೊತ್ತಿಲ್ಲ. ಎಳೆಯ ಸನ್ಯಾಸಿನಿಯೊಬ್ಬಳು ತಲೆ ಸವರಿ ಹೇಳಿದ ಮಾತನ್ನು ಮದುವೆಮನೆಗಳಲ್ಲಿ, ಧ್ವಜವಂದನೆಗಳಲ್ಲಿ, ಆರತಿಯ ತಟ್ಟೆಯ ಮುಂದೆ, ಇಷ್ಟು ಕಾಲ ಪಾಲಿಸಿಕೊಂಡೇ ಬಂದಿದ್ದೆ. ಒಬ್ಬಳು ಹಾಡದೇ ಹಾಡುತ್ತಿದ್ದಳು, ಒಬ್ಬರು ಕೇಳದೇ ಮೆಚ್ಚುತ್ತಿದ್ದರು. ನಮ್ಮ ದಾಂಪತ್ಯದ ಸಂಗೀತ ವಿಭಾಗ ನಡೆದದ್ದು ಹೀಗೆ.

"ಈಗ ನಿಜವಾಗಿ ಹಾಡಿ" ಎಂದಳು ರೂಪಾ. ಗಂಟಲಿನಿಂದ ಮೊದಲು ಬಂದದ್ದು ಗಾಳಿ. ಆಮೇಲೆ ಅಡುಗೆಮನೆಯ ಬಾಗಿಲಿನಂಥ ಒಂದು ಕಿರ್ರೆನ್ನುವ ಸದ್ದು. ಆಮೇಲೆ ದನಿ. ಸ್ಕ್ರೀನಿನ ಮೇಲೆ ಗೆರೆ ನಡುಗಿ, ಎದ್ದು, ಕೊಡಚಾದ್ರಿ ಹತ್ತಿ ಇಳಿಯಿತು. ಹಾಕಿ ಕೇಳಿದೆವು. ಸಿಸ್ಟರ್ ಅವಸರಪಟ್ಟಿರಲಿಲ್ಲ ಎಂಬುದು ಮೂರನೇ ಸಾಲಿಗೇ ಸ್ಪಷ್ಟವಾಯಿತು. "ನಿಮ್ಮ ಟ್ರ್ಯಾಕ್ ಸ್ವಲ್ಪ ಇಳಿಸ್ಲಾ ದೊಡ್ಡಮ್ಮ?" ಎಂದು ರೂಪಾ ಮೆತ್ತಗೆ ಕೇಳಿದಳು. ಪ್ರತಿ ಸಾಲಿನ ಪಕ್ಕದಲ್ಲೂ ಮ್ಯೂಟ್ ಎಂಬ ಪುಟ್ಟ ಗುಂಡಿ ಇರುತ್ತದೆ, ಪೆನ್ಸಿಲಿನ ಹಾಗೆ. ನಾನು ಅದರ ಮೇಲೆ ಬಾಣ ಇಟ್ಟು ಬಹಳ ಹೊತ್ತು ಕೂತೆ. ಆಮೇಲೆ ಒತ್ತದೆಯೇ ಸೇವ್ ಮಾಡಿದೆ. ಇವರು ಅವತ್ತು ಮಜ್ಜಿಗೆ ಹಾಕಿಸಿಕೊಂಡರು.

ಭದ್ರಾವತಿಗೆ ಇಬ್ಬರೂ ಹೋದೆವು. ಇವರು ಹೊಸ ಷರ್ಟು ಹಾಕಿ, ಮರ್ಯಾದೆಗೆಂದು ಕಿವಿಗೆ ಮೆಷಿನ್ನನ್ನೂ ಸಿಕ್ಕಿಸಿಕೊಂಡಿದ್ದರು. ಶಾಲೆಯ ಹಾಲ್‌ನ ಮುಂಭಾಗದಲ್ಲಿ ಗಾಲಿಕುರ್ಚಿಯಲ್ಲಿ ಸಿಸ್ಟರ್ ಬೆನಿಟಾ, ಒಂದು ಹಿಡಿಯಷ್ಟಾಗಿದ್ದರು. ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು ಎಂದು ಫಿಲೋ ಎಚ್ಚರಿಸಿದಳು. ಹಾಡು ಹಾಕಿದೆ. ಮೊದಲ ಸಾಲಿಗೆ ಸಿಸ್ಟರ್ ಮುಖ ಅರಳಿತು. ಎರಡನೇ ಸಾಲಿಗೆ ತಲೆದೂಗಿದರು. ಮೂರನೇ ಸಾಲಿಗೆ ಮಡಿಲಿನಿಂದ ಒಂದು ಬೆರಳು ಮೇಲೆದ್ದಿತು. ನಾನು ಹಾಡು ನಿಲ್ಲಿಸಿದೆ. ಹಾಲ್ ತುಂಬ ನರೆತ ತಲೆಗಳು ನೆಲ ನೋಡಿದವು.

"ಯಾರದು?" ಎಂದರು ಸಿಸ್ಟರ್.

ಕೈ ಎತ್ತಿದೆ. "ಮೀ, ಸಿಸ್ಟರ್. ಸುಮಿತ್ರಾ."

ಅವರು ನನ್ನ ಕಡೆಗೆ ಮಂಜುಗಣ್ಣು ತಿರುಗಿಸಿ ಸ್ವಲ್ಪ ಯೋಚಿಸಿದರು. "ಎರಡು ಜಡೆ. ಮುಂದಿನ ಸಾಲು. ತುಟಿ ಮಾತ್ರ ಆಡಿಸಬೇಕೆಂದು ನಿನಗೆ ಹೇಳಿದ್ದೆನಲ್ಲ?"

"ಮೆಷಿನ್ನಿಗೆ ತುಟಿ ಕಾಣಿಸೋದಿಲ್ಲ ಸಿಸ್ಟರ್."

ಆ ಹಿಡಿಯಷ್ಟು ದೇಹವೆಲ್ಲ ಕುಲುಕಿ ನಕ್ಕಿತು. "ಹಾಗಾದರೆ ಮೊದಲಿಂದ ಹಾಕು. ಎಲ್ಲರೂ ನಿಂತು ಹಾಡಿ, ಹ್ಯಾಂಡ್ಸ್ ಬಿಹೈಂಡ್. ಯೂ ಟೂ, ಚೈಲ್ಡ್. ವಿತ್ ಸೌಂಡ್." ಮಂಡಿಗಳು ಕಟಕಟ ಎನ್ನುತ್ತಾ ಎಲ್ಲರೂ ಎದ್ದರು. ನಾನು ಹಾಡಿದೆ. ಪಕ್ಕದ ಫಿಲೋ ಒಂದು ಹೆಜ್ಜೆ ಆಚೆ ಸರಿದದ್ದು ಗೊತ್ತಾಯಿತು. ಆದರೂ ಕೊನೆಯ ಸಾಲಿನವರೆಗೂ ಗಂಟಲು ತೆರೆದೇ ಹಾಡಿದೆ. ಬೆರಳು ಮತ್ತೆ ಏಳಲಿಲ್ಲ. ತಪ್ಪು ಶ್ರುತಿಯಿಂದಲೇ ನನ್ನ ಗುರುತು ಹಿಡಿದರಲ್ಲ! ಶ್ರುತಿಬದ್ಧವಾಗಿ ಹಾಡಿದ ಫಿಲೋಗೆ, "ನೀನು ಯಾರು ಮಗೂ?" ಎಂದು ಎರಡು ಸಲ ಕೇಳಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಗೆದ್ದುಬಂದವಳ ಹಾಗೆ ಕೂತಿದ್ದೆ. ಇವರು ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಏನನ್ನೋ ಅದುಮಿಟ್ಟುಕೊಂಡಿದ್ದರು. "ಹೇಗಿತ್ತು?" ಎಂದು ನಾನೇ ಕೇಳಿದೆ.

"ಹೂಂ. ಇವತ್ತು ಯಾಕೋ... ನಿನ್ನ ಗಂಟಲು ಸರಿ ಇರಲಿಲ್ವಾ ಮಾರಾಯ್ತಿ? ಮೊದಲೆಲ್ಲ ಇನ್ನೂ ಚೆನ್ನಾಗಿ ಹಾಡ್ತಿದ್ದೆ."

ಕೈ ಚಾಚಿ ಅವರ ಕಿವಿಯಿಂದ ಮೆಷಿನ್ ತೆಗೆದು ಪರ್ಸಿನೊಳಗೆ ಹಾಕಿಕೊಂಡೆ. ಅವರ ಕಡೆಗೆ ತಿರುಗಿ ಕೂತು, ಬಾಯಿ ಚೆನ್ನಾಗಿ ತೆರೆದು, ಶಬ್ದವಿಲ್ಲದೆ, ಎರಡೂ ಚರಣಗಳನ್ನು ಹಾಡಿದೆ. ಇವರು ನನ್ನ ಮುಖವನ್ನೇ ನೋಡುತ್ತಾ, ತೊಡೆಯ ಮೇಲೆ ತಾಳ ಹಾಕುತ್ತಾ ಕೊನೆಯವರೆಗೂ ಕೇಳಿದರು.

"ಹ್ಞಾಂ, ಈಗ ಬಂತು ನೋಡು ಶ್ರುತಿ" ಎಂದರು.